ಗೌಂಡಿ ಕೆಲಸ ಮಾಡಿದ ಕೈಗೆ ತ್ರಿಕೋನಮಿತಿ ಹೊಸದಲ್ಲ

ಪ್ರಶ್ನೆ: ನನ್ನದು ವಿಜಯಪುರ ಜಿಲ್ಲೆಯ ಒಂದು ಹಳ್ಳಿ. ಎಸ್ಸೆಸ್ಸೆಲ್ಸಿ ಕನ್ನಡ ಮಾಧ್ಯಮದಲ್ಲಿ ಪಾಸಾದೆ. ಮನೆ ಕಷ್ಟಕ್ಕೆ ಆರು ವರ್ಷ ಅಪ್ಪನ ಜೊತೆ ಗೌಂಡಿ ಕೆಲಸ ಮಾಡಿದೆ. ಈ ವರ್ಷ ವಿಜಯಪುರದ ಕಾಲೇಜೊಂದರಲ್ಲಿ ಸಿವಿಲ್ ಡಿಪ್ಲೊಮಾ ಸೇರಿದ್ದೇನೆ. ತ್ರಿಕೋನಮಿತಿ ಶುರುವಾದಾಗಿನಿಂದ ಏನೂ ತಲೆಗೆ ಹೋಗುತ್ತಿಲ್ಲ. ಪಾಠ ಇಂಗ್ಲಿಷಿನಲ್ಲಿ. ಸೂತ್ರಗಳು ಐವತ್ತರ ಮೇಲಿವೆ. ಮೊದಲ ಟೆಸ್ಟಿನಲ್ಲಿ 20ಕ್ಕೆ 4 ಬಂತು. ಜೊತೆಯ ಹುಡುಗರು ಎಲ್ಲಾ ಬಾಯಿಪಾಠ ಮಾಡು ಅಂತಾರೆ. ಮಾಡಿದರೂ ಮರುದಿನ ಮರೆಯುತ್ತದೆ. ಮನೆ ಕಟ್ಟೋಕೆ ಇದೆಲ್ಲ ಯಾಕೆ ಬೇಕು ಸರ್? ಕೋರ್ಸ್ ಬಿಟ್ಟು ಮತ್ತೆ ಕೆಲಸಕ್ಕೆ ಹೋಗಲೇ?

ಉತ್ತರ: ಬಿಡಬೇಡಿ. ಕಾರಣ ಇಟ್ಟುಕೊಂಡೇ ಹೇಳುತ್ತಿದ್ದೇನೆ. ವಿಜಯಪುರ, ಬಾಗಲಕೋಟೆ ಕಡೆಯ ಕಾಲೇಜುಗಳಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದ್ದೇನೆ. ಕೆಲಸ ಮಾಡಿ ಬಂದ ಹುಡುಗರಿಗೆ ಚಿತ್ರ ಒಮ್ಮೆ ಕಣ್ಣಿಗೆ ಕಂಡರೆ ಸಾಕು, ಆಮೇಲೆ ಅವರನ್ನು ಹಿಡಿಯೋಕೆ ಆಗುವುದಿಲ್ಲ. ಅವರ ಕೈಗೆ ಅಳತೆ ಗೊತ್ತು. ನಿಮಗೆ ಇನ್ನೂ ಯಾರೂ ಚಿತ್ರ ತೋರಿಸಿಲ್ಲ ಅಂತ ನಿಮ್ಮ ಪ್ರಶ್ನೆ ಓದಿದರೇ ಗೊತ್ತಾಗುತ್ತದೆ.

ಮೊದಲು ಆ 4 ಅಂಕದ ಉತ್ತರಪತ್ರಿಕೆ ಕೈಗೆ ತೆಗೆದುಕೊಳ್ಳಿ. ತಪ್ಪಾದ ಪ್ರತಿ ಲೆಕ್ಕದ ಪಕ್ಕ ಪೆನ್ಸಿಲಿನಲ್ಲಿ ಒಂದು ಅಕ್ಷರ ಬರೆಯಿರಿ. ಪ್ರಶ್ನೆಯೇ ಅರ್ಥವಾಗಿರಲಿಲ್ಲವಾ? 'ಭಾ' ಅಂತ ಬರೆಯಿರಿ, ಅದು ಭಾಷೆಯ ತೊಡಕು. ಸೂತ್ರ ನೆನಪಾಗಲಿಲ್ಲವಾ? 'ಸೂ'. ಸೂತ್ರ ಸರಿ ಬರೆದು, ಭಿನ್ನರಾಶಿ ಕೂಡಿಸುವಾಗಲೋ ಆವರಣ ಬಿಡಿಸುವಾಗಲೋ ಎಡವಿದಿರಾ? 'ಬೀ', ಅದು ಬೀಜಗಣಿತ. ಆರು ವರ್ಷ ಪುಸ್ತಕ ಮುಟ್ಟದವರ ಪತ್ರಿಕೆಯಲ್ಲಿ 'ಬೀ' ಜಾಸ್ತಿ ಇರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಪಾಪ, ಅವರು ಬೈಯುವುದು ಮಾತ್ರ ತ್ರಿಕೋನಮಿತಿಯನ್ನು. ನಿಮ್ಮ ಪತ್ರಿಕೆಯಲ್ಲಿ ಯಾವ ಅಕ್ಷರ ಜಾಸ್ತಿ ಇದೆಯೋ, ನಿಮ್ಮ ಮೊದಲ ಎರಡು ವಾರ ಅದಕ್ಕೇ ಹೋಗಬೇಕು.

ಈಗ ಪಾಯಕ್ಕೆ ಬರೋಣ. ಮನೆಗೆ ಪಾಯ ಹಾಕುವಾಗ ಮೂಲೆ ಹೇಗೆ ತೆಗೆಯುತ್ತೀರಿ? ದಾರ ಕಟ್ಟುತ್ತೀರಿ. ಒಂದು ಕಡೆ 3 ಅಡಿಗೆ ಗುರುತು, ಇನ್ನೊಂದು ಕಡೆ 4 ಅಡಿಗೆ ಗುರುತು. ಅಡ್ಡ ಅಳತೆ ಸರಿಯಾಗಿ 5 ಅಡಿ ಬರುವವರೆಗೆ ದಾರ ಸರಿಸುತ್ತೀರಿ. ಮನೆ ದೊಡ್ಡದಿದ್ದರೆ 6, 8, 10 ಹಿಡಿಯುತ್ತೀರಿ. ಮೂಲೆ ಅದೇ ಬರುತ್ತದೆ, ಅಲ್ವಾ? ಅಳತೆ ದುಪ್ಪಟ್ಟಾಯಿತು, ಕೋನ ಕದಲಲಿಲ್ಲ. ಆ ತ್ರಿಕೋನದಲ್ಲಿ 3 ಅಡಿಯ ಎದುರಿಗಿರುವ ಚೂಪು ಮೂಲೆ ನೋಡಿ. 3ನ್ನು 5ರಿಂದ ಭಾಗಿಸಿದರೆ 0.6. ದೊಡ್ಡ ತ್ರಿಕೋನದಲ್ಲಿ 6ನ್ನು 10ರಿಂದ ಭಾಗಿಸಿದರೂ 0.6. ತ್ರಿಕೋನ ಎಷ್ಟೇ ದೊಡ್ಡದಾಗಲಿ, ಆ ಮೂಲೆ ಅಷ್ಟೇ ಇದ್ದರೆ ಈ ಸಂಖ್ಯೆ ಅಷ್ಟೇ ಇರುತ್ತದೆ. ಈ 0.6ಕ್ಕೆ ಇಟ್ಟ ಹೆಸರು ಸೈನ್. ಅದೇ ಮೂಲೆಗೆ 4ನ್ನು 5ರಿಂದ ಭಾಗಿಸಿದರೆ ಕಾಸ್, 3ನ್ನು 4ರಿಂದ ಭಾಗಿಸಿದರೆ ಟ್ಯಾನ್. ಆ ಮೂಲೆ ಸುಮಾರು 36.9 ಡಿಗ್ರಿ. ಕೋನವನ್ನು ಡಿಗ್ರಿಯಲ್ಲಿ ಹೇಳಿದರೂ ಆಯಿತು, 'ಮೂರಕ್ಕೆ ನಾಲ್ಕು' ಅಂತ ಹೇಳಿದರೂ ಆಯಿತು. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಹೋಗುವ ದಾರಿಯೇ ಈ ಮೂರು ಹೆಸರುಗಳು.

ಯಾಕೆ ಬೇಕು ಅಂತ ಕೇಳಿದಿರಿ. ಒಂದು ಪತ್ರಾಸ್ ಶೆಡ್, ಅಂದರೆ ತಗಡಿನ ಶೆಡ್ ತೆಗೆದುಕೊಳ್ಳಿ. ಅಗಲ 20 ಅಡಿ, ನಡುವೆ ಏಣು, ಎರಡೂ ಕಡೆ ಇಳಿಜಾರು. ಅಂದರೆ ಒಂದು ಕಡೆಗೆ 10 ಅಡಿ. ಏಣನ್ನು ಗೋಡೆಗಿಂತ 3 ಅಡಿ ಎತ್ತರಿಸಿದ್ದೀರಿ. ಟ್ಯಾನ್ ಎಷ್ಟು? 3ನ್ನು 10ರಿಂದ ಭಾಗಿಸಿ: 0.3. ಕ್ಯಾಲ್ಕುಲೇಟರ್ ಇದನ್ನು 16.7 ಡಿಗ್ರಿ ಅನ್ನುತ್ತದೆ. ತಗಡಿನ ಉದ್ದ ಬೇಕಾದರೆ 10ನ್ನು ಕಾಸ್ 16.7ರಿಂದ ಭಾಗಿಸಿ, 10.44 ಅಡಿ ಬರುತ್ತದೆ. ಗೋಡೆಯಿಂದ ಹೊರಗೆ ಚಾಚುವ ಭಾಗ ಬೇರೆ. ಹತ್ತಡಿ ಅಂತ ತಂದರೆ ಐದು ಇಂಚು ಕಡಿಮೆ ಬೀಳುತ್ತದೆ. ನಿಮ್ಮ ಅಪ್ಪನಿಗೆ ಇದು ಅನುಭವದಿಂದ ಗೊತ್ತಿರುತ್ತದೆ.

ಈ 3ಕ್ಕೆ 10ರ ತ್ರಿಕೋನವನ್ನು ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಳ್ಳಿ. ಅದು ಇನ್ನೊಂದು ಕಡೆ ಸಿಗುತ್ತದೆ. ಮಾರ್ಚ್ 21ರ ಹೊತ್ತಿಗೆ, ಮತ್ತೆ ಸೆಪ್ಟೆಂಬರ್ 23ರ ಹೊತ್ತಿಗೆ, ಹಗಲು ರಾತ್ರಿ ಸಮ ಇರುತ್ತವೆ. ಆ ದಿನ ಕಾಲೇಜಿನ ಬಯಲಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ. ಮಧ್ಯಾಹ್ನ ಸುಮಾರು ಹನ್ನೆರಡೂವರೆಗೆ ನೆರಳು ಎಲ್ಲಕ್ಕಿಂತ ಗಿಡ್ಡವಾಗುತ್ತದೆ. ಆಗ ಅಳೆಯಿರಿ. ವಿಜಯಪುರದಲ್ಲಿ 30 ಸೆಂಟಿಮೀಟರ್ ಬರುತ್ತದೆ. 100ಕ್ಕೆ 30, ಅಂದರೆ 10ಕ್ಕೆ 3. ನಿಮ್ಮ ಶೆಡ್ಡಿನ ಇಳಿಜಾರೇ ಇದು! ಕಾರಣ ಏನೆಂದರೆ, ವಿಜಯಪುರದ ಅಕ್ಷಾಂಶ ಸುಮಾರು 16.8 ಡಿಗ್ರಿ. ಆ ಎರಡು ದಿನ ಸೂರ್ಯ ಸಮಭಾಜಕ ವೃತ್ತದ ನೆತ್ತಿಯ ಮೇಲಿರುತ್ತಾನೆ. ನಾವು ಅಲ್ಲಿಂದ 16.8 ಡಿಗ್ರಿ ಉತ್ತರಕ್ಕಿದ್ದೇವೆ. ಹಾಗಾಗಿ ನಮ್ಮ ನೆತ್ತಿಯಿಂದ ಅವನು ಅಷ್ಟೇ ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಮನೆ ಮೇಲಿನ ಸೋಲಾರ್ ಪ್ಯಾನೆಲ್ಲುಗಳನ್ನು ದಕ್ಷಿಣಕ್ಕೆ ಮುಖ ಮಾಡಿ, ಹೆಚ್ಚುಕಡಿಮೆ ಊರಿನ ಅಕ್ಷಾಂಶದಷ್ಟೇ ಓರೆ ಇಡುವುದು ಇದೇ ಲೆಕ್ಕದ ಮೇಲೆ. ಒಂದು ಶೆಡ್ಡು, ಒಂದು ಕೋಲು, ಒಂದು ಪ್ಯಾನೆಲ್ಲು. ಮೂರರಲ್ಲೂ ಅದೇ 0.3. ಮೇ ಮೊದಲ ವಾರದ ಕೊನೆಗೆ, ಮತ್ತೆ ಆಗಸ್ಟ್ ಮೊದಲ ವಾರದಲ್ಲಿ ಸೂರ್ಯ ನಮ್ಮ ನೆತ್ತಿಗೇ ಬರುತ್ತಾನೆ. ಆಗ ಕೋಲಿಗೆ ನೆರಳೇ ಇರುವುದಿಲ್ಲ. ಟ್ಯಾನ್ 0 ಅಂದರೆ 0 ಅಂತ ಪುಸ್ತಕ ಹೇಳುವುದನ್ನು ನೆಲದ ಮೇಲೆ ನೋಡಬಹುದು.

30, 45, 60 ಡಿಗ್ರಿಯ ಬೆಲೆಗಳ ಪಟ್ಟಿ ಇದೆಯಲ್ಲ, ಅದನ್ನು ಸುಮ್ನೆ ಉರು ಹೊಡೆಯಬೇಡಿ. ಎರಡು ಚಿತ್ರ ಬರೆಯಿರಿ. ಬದಿ 1 ಇರುವ ಚೌಕವನ್ನು ಮೂಲೆಯಿಂದ ಮೂಲೆಗೆ ಕೊಯ್ಯಿರಿ: 1, 1, √2. ಇದು 45ರದ್ದು. ಮೂರೂ ಬದಿ 2 ಇರುವ ತ್ರಿಕೋನವನ್ನು ನಡುವೆ ಸೀಳಿ: 1, √3, 2. ಇದು 30 ಮತ್ತು 60ರದ್ದು. ಇಡೀ ಪಟ್ಟಿ ಈ ಎರಡು ಚಿತ್ರಗಳಲ್ಲಿದೆ. ಹತ್ತು ದಿನ ಚಿತ್ರದಿಂದ ತೆಗೆದರೆ ಆಮೇಲೆ ತಾನಾಗಿ ಬಾಯಿಗೆ ಬರುತ್ತದೆ. ಹಾಗೆ ಬಂದದ್ದು ಪರೀಕ್ಷೆಯ ಗಾಬರಿಯಲ್ಲೂ ಹೋಗುವುದಿಲ್ಲ.

ಹೈಸ್ಕೂಲಿನ ತ್ರಿಕೋನಮಿತಿಗೂ ಕಾಲೇಜಿನದಕ್ಕೂ ಒಂದು ದೊಡ್ಡ ಜಿಗಿತ ಇದೆ. ನೀವು ಬಿದ್ದಿರುವುದು ಅಲ್ಲೇ ಅಂತ ನನ್ನ ಅಂದಾಜು. ಹತ್ತನೇ ತರಗತಿಯಲ್ಲಿ ಸೈನ್ ಅಂದರೆ ಲಂಬಕೋನ ತ್ರಿಕೋನದ ಎರಡು ಬಾಹುಗಳ ಭಾಗಾಕಾರ. ಕೋನ 90 ದಾಟುವುದಿಲ್ಲ. ಇಲ್ಲಿ ಬಂದ ಕೂಡಲೇ ಸೈನ್ 150, ಕಾಸ್ 210, ಮೈನಸ್ 45 ಅಂತ ಶುರುವಾಗುತ್ತದೆ. 210 ಡಿಗ್ರಿಯ ಮೂಲೆ ಇರುವ ತ್ರಿಕೋನ ಎಲ್ಲಿದೆ? ಎಲ್ಲೂ ಇಲ್ಲ. ಹಾಗಾದರೆ ಅದರ ಸೈನ್ ಎಲ್ಲಿಂದ ಬಂತು? ತರಗತಿಯಲ್ಲಿ ಇದನ್ನು ಕೇಳಲು ಹುಡುಗರು ನಾಚುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಇದು.

ಉತ್ತರ ಗೋಳಗುಮ್ಮಟದ ಮುಂದೆ ನಿಲ್ಲುವ ಟಾಂಗಾದ ಗಾಲಿಯಲ್ಲಿದೆ. ಗಾಲಿಯ ಅಂಚಿಗೆ ಒಂದು ಕೆಂಪು ದಾರ ಕಟ್ಟಿದ್ದೀರಿ ಅಂದುಕೊಳ್ಳಿ. ಅಚ್ಚಿನಿಂದ ಅಂಚಿಗೆ ಇರುವ ದೂರವನ್ನು 1 ಅನ್ನಿ. ದಾರ ಅಚ್ಚಿನ ಮಟ್ಟದಲ್ಲೇ ಬಲಗಡೆ ಇದ್ದಾಗ ಕೋನ 0. ಗಾಲಿಯನ್ನು ದಾರ ಮೇಲಕ್ಕೆ ಹೋಗುವಂತೆ ತಿರುಗಿಸಿ. ಅಚ್ಚಿನ ಮಟ್ಟದಿಂದ ದಾರ ಎಷ್ಟು ಎತ್ತರದಲ್ಲಿದೆಯೋ ಅದು ಸೈನ್. ಅಚ್ಚಿನಿಂದ ಎಷ್ಟು ಬಲಕ್ಕಿದೆಯೋ ಅದು ಕಾಸ್. ಅಷ್ಟೇ. 30 ಡಿಗ್ರಿ ತಿರುಗಿದಾಗ ದಾರ ಅರ್ಧ ಎತ್ತರಕ್ಕೆ ಬಂದಿರುತ್ತದೆ. 90ಕ್ಕೆ ನೆತ್ತಿಯಲ್ಲಿರುತ್ತದೆ, ಎತ್ತರ 1, ಬಲಕ್ಕೂ ಇಲ್ಲ ಎಡಕ್ಕೂ ಇಲ್ಲ, ಆದ್ದರಿಂದ ಕಾಸ್ 0. 150ಕ್ಕೆ ಎತ್ತರ ಮತ್ತೆ ಅರ್ಧ, ಆದರೆ ದಾರ ಈಗ ಎಡಗಡೆ ಇದೆ. ಎಡಕ್ಕಿದ್ದರೆ ಮೈನಸ್, ಹಾಗಾಗಿ ಕಾಸ್ ಮೈನಸ್. 210ಕ್ಕೆ ದಾರ ಅಚ್ಚಿಗಿಂತ ಕೆಳಗೆ ಇಳಿದಿದೆ, ಸೈನ್ ಮೈನಸ್ ಅರ್ಧ. ಯಾವ ಚತುರ್ಥಕದಲ್ಲಿ, ಅಂದರೆ ಸುತ್ತಿನ ಯಾವ ಕಾಲು ಭಾಗದಲ್ಲಿ, ಯಾವುದು ಪ್ಲಸ್ ಅಂತ ನೆನಪಿಡಲು ಹುಡುಗರು 'ಆಲ್ ಸಿಲ್ವರ್ ಟೀ ಕಪ್ಸ್' ಅಂತ ಹೇಳಿಕೊಡುತ್ತಾರೆ: ಮೊದಲನೆಯದರಲ್ಲಿ ಎಲ್ಲವೂ, ಆಮೇಲೆ ಸಾಲಾಗಿ ಸೈನ್, ಟ್ಯಾನ್, ಕಾಸ್. ಹೇಳಿಕೊಳ್ಳಿ, ತಪ್ಪಿಲ್ಲ. ಗಾಲಿ ಕಣ್ಣ ಮುಂದಿದ್ದರೆ ಅದರ ಹಂಗೂ ಬೇಕಾಗುವುದಿಲ್ಲ.

ಗಾಲಿಯಲ್ಲಿ ಇನ್ನೊಂದು ವಿಷಯ ಗಮನಿಸಿ. 0ಯಿಂದ 30 ಡಿಗ್ರಿಗೆ ಹೋಗುವಷ್ಟರಲ್ಲಿ ದಾರ ಅರ್ಧ ಎತ್ತರ ಏರಿಬಿಡುತ್ತದೆ. 60ರಿಂದ 90ಕ್ಕೆ ಹೋಗುವಾಗ ತಿರುಗಿದ್ದು ಅಷ್ಟೇ 30 ಡಿಗ್ರಿ, ಏರಿದ್ದು 0.134 ಮಾತ್ರ. ನೆತ್ತಿಯ ಹತ್ತಿರ ದಾರ ಮೇಲೇರುವುದು ಕಡಿಮೆ, ಪಕ್ಕಕ್ಕೆ ಸರಿಯುವುದು ಜಾಸ್ತಿ. ಮುಂದೆ ಕ್ಯಾಲ್ಕುಲಸ್ ಬಂದಾಗ ಸೈನ್ ಬದಲಾಗುವ ವೇಗವೇ ಕಾಸ್ ಅಂತ ಒಂದು ಸೂತ್ರ ಬರುತ್ತದೆ. ಆಗ ಈ ದಾರವನ್ನು ನೆನಪಿಸಿಕೊಳ್ಳಿ.

ಸೈನ್ ಅನ್ನುವ ಹೆಸರು ಪರದೇಶದ್ದು ಅಂತ ಹೆದರಬೇಕಾಗಿಲ್ಲ. ಅದರ ಬೇರು ಇಲ್ಲೇ ಇದೆ. ಆರ್ಯಭಟ 499ರಲ್ಲಿ ಬರೆದ ಗ್ರಂಥದಲ್ಲಿ ಇದರ ಪಟ್ಟಿ ಇದೆ. ವೃತ್ತದ ತುಂಡು ಬಿಲ್ಲಿನ ಹಾಗೆ ಕಾಣುತ್ತದೆ, ಅದರ ತುದಿಗಳನ್ನು ಸೇರಿಸುವ ಗೆರೆ ಹೆದೆಯ ಹಾಗೆ. ಸಂಸ್ಕೃತದಲ್ಲಿ ಹೆದೆಗೆ ಜ್ಯಾ ಅಂತಾರೆ, ಜೀವಾ ಅಂತಲೂ ಅಂತಾರೆ. ಲೆಕ್ಕಕ್ಕೆ ಬೇಕಾದದ್ದು ಅರ್ಧ ಹೆದೆ. ಈ ಜೀವಾ ಅರಬ್ಬರ ಕೈಗೆ ಹೋಗಿ ಜೀಬ ಆಯಿತು. ಅರಬ್ಬಿ ಬರಹದಲ್ಲಿ ಸ್ವರ ಬಿಟ್ಟು ಬರೆಯುತ್ತಾರೆ. ಮುಂದೆ ಓದಿದವರು ಅದನ್ನು ಜೈಬ್ ಅಂತ ಓದಿಕೊಂಡರು. ಜೈಬ್ ಅಂದರೆ ಬಟ್ಟೆಯ ಮಡಿಕೆ. ನಾವು ದಿನಾ ಅನ್ನುವ ಜೇಬು ಇದೇ ಮಾತು. ಲ್ಯಾಟಿನ್ನಿಗೆ ತರುವವರು ಮಡಿಕೆ ಅನ್ನುವ ಅರ್ಥ ಹಿಡಿದು ಸೈನಸ್ ಅಂತ ಬರೆದರು. ಬಿಲ್ಲಿನ ಹೆದೆ ಹೀಗೆ ಜೇಬಾಗಿ, ಜೇಬು ಸೈನ್ ಆಗಿ ನಿಮ್ಮ ಪುಸ್ತಕಕ್ಕೆ ಬಂದಿದೆ.

ಆರ್ಯಭಟನ ಪಟ್ಟಿಯಲ್ಲಿ ವೃತ್ತದ ತ್ರಿಜ್ಯ 3438. ಎಂಥ ವಿಚಿತ್ರ ಸಂಖ್ಯೆ ಅನಿಸುತ್ತದೆ. ಇದು ಎಲ್ಲಿಂದ ಬಂತು ಅಂತ ತಿಳಿದರೆ ರೇಡಿಯನ್ ಕೂಡ ತಿಳಿಯುತ್ತದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಊಟದ ತಾಟು ತೆಗೆದುಕೊಳ್ಳಿ. ನಡುವಿನಿಂದ ಅಂಚಿನವರೆಗೆ ದಾರ ಹಿಡಿದು ಕತ್ತರಿಸಿ. ಆ ದಾರವನ್ನು ಅಂಚಿನ ಉದ್ದಕ್ಕೂ ಬಾಗಿಸಿ ಇಡಿ. ಅದು ಎಷ್ಟು ಕೋನ ಆಕ್ರಮಿಸಿತೋ ಅದು ಒಂದು ರೇಡಿಯನ್, ಸುಮಾರು 57.3 ಡಿಗ್ರಿ. ಹಾಗೇ ಮುಂದುವರಿಸಿ. ಆರು ಸಲ ಇಟ್ಟ ಮೇಲೆ ಸ್ವಲ್ಪ ಜಾಗ ಉಳಿಯುತ್ತದೆ. ತಾಟು ದೊಡ್ಡದಿರಲಿ ಸಣ್ಣದಿರಲಿ, ಸುತ್ತಿಗೆ 6.28 ದಾರ. ಅದೇ 2 ಪೈ. ಸುತ್ತಿಗೆ 360 ಡಿಗ್ರಿ, ಡಿಗ್ರಿಗೆ 60 ನಿಮಿಷ, ಒಟ್ಟು 21,600 ನಿಮಿಷ. ಅದನ್ನು 6.28ರಿಂದ ಭಾಗಿಸಿದರೆ ಹೆಚ್ಚುಕಡಿಮೆ 3438. ಅಂದರೆ ಒಂದು ರೇಡಿಯನ್‌ನಲ್ಲಿ 3438 ನಿಮಿಷ. ಆರ್ಯಭಟ ತ್ರಿಜ್ಯವನ್ನೂ ನಿಮಿಷದಲ್ಲೇ ಅಳೆದ. ಅದಕ್ಕೇ ಅವನ ಪಟ್ಟಿಯ ಮೊದಲ ಕೋನ 225 ನಿಮಿಷ, ಅದರ ಅರ್ಧ ಹೆದೆಯೂ 225. ಕೋನ ಸಣ್ಣದಿದ್ದಾಗ ಬಿಲ್ಲು, ಹೆದೆ ಎರಡೂ ಹೆಚ್ಚುಕಡಿಮೆ ಒಂದೇ ಉದ್ದ.

ಈ 3438 ನಿಮ್ಮ ಕೆಲಸಕ್ಕೆ ನೇರವಾಗಿ ಬರುತ್ತದೆ. ಸರ್ವೆ ಕಲಿಯುವಾಗ ಥಿಯೊಡೊಲೈಟ್ ಅನ್ನುವ ಕೋನ ಅಳೆಯುವ ಉಪಕರಣ ಕೈಗೆ ಸಿಗುತ್ತದೆ. ಅದರಲ್ಲಿ ಕೋನ ಓದುವಾಗ ಒಂದು ನಿಮಿಷ ತಪ್ಪಿದಿರಿ ಅನ್ನಿ. 100 ಮೀಟರ್ ಆಚೆ ಗುರುತು ಎಷ್ಟು ಸರಿಯುತ್ತದೆ? 100 ಮೀಟರನ್ನು 3438ರಿಂದ ಭಾಗಿಸಿ: 2.9 ಸೆಂಟಿಮೀಟರ್. ಒಂದು ಇಡೀ ಡಿಗ್ರಿ ತಪ್ಪಿದರೆ ಒಂದೂ ಮುಕ್ಕಾಲು ಮೀಟರ್. ಕಂಬವೊಂದು ಒಂದು ಇಂಚು ಆಚೆ ನಿಂತರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಕ್ಯಾಲ್ಕುಲೇಟರಿನ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪರೀಕ್ಷೆಗೆ ಕೂತ ಕೂಡಲೇ ಸೈನ್ 30 ಒತ್ತಿ ನೋಡಿ. 0.5 ಬಂದರೆ ಸರಿ. ಮೈನಸ್ 0.988 ಬಂದರೆ ಅದು ರೇಡಿಯನ್ ಮೋಡಿನಲ್ಲಿದೆ, ಬದಲಿಸಿಕೊಳ್ಳಿ. ಎಲ್ಲಾ ಹಂತ ಸರಿ ಬರೆದು ಇದೊಂದರಿಂದ ಅಂಕ ಕಳೆದುಕೊಂಡ ಹುಡುಗರನ್ನು ನೋಡಿ ನನಗೆ ತುಂಬಾ ಬೇಜಾರಾಗಿದೆ.

ಇನ್ನು ಐವತ್ತು ಸೂತ್ರಗಳು. ನಿಜವಾಗಿ ನೆನಪಿಡಬೇಕಾದದ್ದು ಮೂರು. ಒಂದು: ಸೈನ್²ಎ + ಕಾಸ್²ಎ = 1. ಇದು ಗಾಲಿಯ ಮೇಲಿನ ಪೈಥಾಗೊರಸ್, ನಿಮ್ಮ 3-4-5ರ ಅಣ್ಣ. ಇದನ್ನು ಪೂರ್ತಿ ಕಾಸ್²ನಿಂದ ಭಾಗಿಸಿದರೆ ಟ್ಯಾನ್²ಎ + 1 = ಸೆಕ್²ಎ (ಸೆಕ್ ಅಂದರೆ 1/ಕಾಸ್). ಸೈನ್²ನಿಂದ ಭಾಗಿಸಿದರೆ 1 + ಕಾಟ್²ಎ = ಕೊಸೆಕ್²ಎ (ಕಾಟ್ ಅಂದರೆ ಕಾಸ್/ಸೈನ್, ಕೊಸೆಕ್ ಅಂದರೆ 1/ಸೈನ್). ಒಂದನ್ನು ಇಟ್ಟುಕೊಂಡರೆ ಮೂರು ಸಿಕ್ಕವು. ಎರಡು: ಸೈನ್(ಎ + ಬಿ) = ಸೈನ್ ಎ ಕಾಸ್ ಬಿ + ಕಾಸ್ ಎ ಸೈನ್ ಬಿ. ಮೂರು: ಕಾಸ್(ಎ + ಬಿ) = ಕಾಸ್ ಎ ಕಾಸ್ ಬಿ − ಸೈನ್ ಎ ಸೈನ್ ಬಿ. ಇಲ್ಲಿ ಬಿ ಜಾಗದಲ್ಲಿ ಎ ಇಟ್ಟರೆ ಸೈನ್ 2ಎ, ಕಾಸ್ 2ಎ ಬಂದವು. ಬಿ ಜಾಗದಲ್ಲಿ ಮೈನಸ್ ಬಿ ಇಟ್ಟರೆ ಕಳೆಯುವ ಸೂತ್ರಗಳು. ಎರಡನ್ನು ಕೂಡಿಸಿದರೆ, ಕಳೆದರೆ ಗುಣಾಕಾರವನ್ನು ಮೊತ್ತ ಮಾಡುವ ಸೂತ್ರಗಳು. ಇದನ್ನು ನಾನು ಹೇಳಿದೆ ಅಂತ ನಂಬಬೇಡಿ. ಒಂದು ಭಾನುವಾರ ದೊಡ್ಡ ಹಾಳೆ ತೆಗೆದುಕೊಂಡು ಮೂರರಿಂದ ಉಳಿದವನ್ನೆಲ್ಲ ನೀವೇ ಹೊರಡಿಸಿ. ಮೊದಲ ಸಲ ಎರಡು ಗಂಟೆ ಹಿಡಿಯುತ್ತದೆ. ನಾಲ್ಕನೇ ಸಲಕ್ಕೆ ಇಪ್ಪತ್ತು ನಿಮಿಷ.

ಎರಡನೇ ಸೂತ್ರದ ಜೊತೆ ನಮ್ಮ ಊರಿನ ನಂಟಿದೆ. ಭಾಸ್ಕರಾಚಾರ್ಯ ಹುಟ್ಟಿದ್ದು 1114ರಲ್ಲಿ. 1150ರಲ್ಲಿ, ತನ್ನ 36ನೇ ವಯಸ್ಸಿಗೆ, ಸಿದ್ಧಾಂತ ಶಿರೋಮಣಿ ಬರೆದ. ಅದರ ಜ್ಯೋತ್ಪತ್ತಿ ಅನ್ನುವ ಭಾಗದಲ್ಲಿ ಎರಡು ಕೋನಗಳ ಮೊತ್ತದ ಜ್ಯಾ ಹೇಗೆ ತೆಗೆಯಬೇಕು ಅಂತ ಇದೆ. ಅದೇ ಈ ಸೂತ್ರ. ತನ್ನ ಊರು ವಿಜ್ಜಡವಿಡ ಅಂತ ಅವನೇ ಬರೆದುಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಅನ್ನುವವರು ಹಲವರಿದ್ದಾರೆ, ಮಹಾರಾಷ್ಟ್ರದ ಪಾಟಣದ ಸುತ್ತಲಿನ ಜಾಗ ಅನ್ನುವವರೂ ಇದ್ದಾರೆ. ಅವನ ಲೀಲಾವತಿಯಲ್ಲಿ ನಿಮಗೆ ಇಷ್ಟವಾಗುವ ಒಂದು ಲೆಕ್ಕ ಇದೆ: 32 ಮೊಳದ ಬಿದಿರು ಗಾಳಿಗೆ ಮುರಿದು, ತುದಿ ಬುಡದಿಂದ 16 ಮೊಳ ದೂರಕ್ಕೆ ನೆಲ ಮುಟ್ಟಿತು. ಎಷ್ಟು ಎತ್ತರದಲ್ಲಿ ಮುರಿಯಿತು? ಮಾಡಿ ನೋಡಿ. ಉತ್ತರ 12 ಮೊಳ. ಮುರಿದ ಭಾಗ 20. 12, 16, 20 ಅಂದರೆ ನಿಮ್ಮ 3, 4, 5.

ಸೂತ್ರದ ಮೇಲೆ ಸಂಶಯ ಬಂದರೆ ಒಂದು ಸುಲಭ ಪರೀಕ್ಷೆ ಇದೆ. ಗೊತ್ತಿರುವ ಕೋನ ಹಾಕಿ ನೋಡಿ. ಬಹಳ ಹುಡುಗರು ಸೈನ್(ಎ + ಬಿ) ಅಂದರೆ ಸೈನ್ ಎ + ಸೈನ್ ಬಿ ಅಂತ ಬರೆಯುತ್ತಾರೆ. 30 ಮತ್ತು 60 ಹಾಕಿ. ಎಡಗಡೆ ಸೈನ್ 90, ಅಂದರೆ 1. ಬಲಗಡೆ 0.5 + 0.866, ಅಂದರೆ 1.366. ಗಾಲಿಯ ದಾರ ನೆತ್ತಿಗಿಂತ ಮೇಲೆ ಹೋಗುತ್ತದೆಯೇ? ಸೈನ್ 1 ದಾಟಿತು ಅಂದರೆ ಎಲ್ಲೋ ತಪ್ಪಾಗಿದೆ. ಅದೇ ರೀತಿ ಸೈನ್ 2ಎಯನ್ನು ಸೈನ್ ಎಯಿಂದ ಭಾಗಿಸುವಾಗ ಮೇಲಿನ ಸೈನ್, ಕೆಳಗಿನ ಸೈನ್ ಹೊಡೆದು 2 ಅಂತ ಬರೆಯಬೇಡಿ. ಸೈನ್ ಒಂದೇ ನಿಲ್ಲುವ ಮಾತಲ್ಲ, 'ಅರ್ಧ' ಅಂದ ಹಾಗೆ. ಯಾವುದರ ಅರ್ಧ ಅಂತ ಹೇಳಲೇಬೇಕು. ಅಲ್ಲಿ ಬರುವುದು 2 ಕಾಸ್ ಎ.

ನಿತ್ಯಸಮೀಕರಣ, ಅಂದರೆ ಯಾವ ಕೋನ ಹಾಕಿದರೂ ನಿಜವಾಗುವ ಸಮೀಕರಣ, ಸಾಧಿಸುವ ಲೆಕ್ಕಗಳಲ್ಲೇ ನಿಮ್ಮ 'ಬೀ' ಗುರುತುಗಳು ಜಾಸ್ತಿ ಇರಬಹುದು. ಒಂದನ್ನು ಹತ್ತಿರದಿಂದ ನೋಡೋಣ. ಟ್ಯಾನ್ ಎ + ಕಾಟ್ ಎ = ಸೆಕ್ ಎ ಕೊಸೆಕ್ ಎ ಅಂತ ತೋರಿಸಬೇಕು. ಏನೂ ತೋಚದಿದ್ದರೆ ಎಲ್ಲವನ್ನೂ ಸೈನ್, ಕಾಸ್ ಮಾಡಿ. ಎಡಗಡೆ ಸೈನ್/ಕಾಸ್ + ಕಾಸ್/ಸೈನ್ ಆಯಿತು. ಇಲ್ಲಿ ನಿಂತುಬಿಡುತ್ತಾರೆ. ಪಕ್ಕದಲ್ಲಿ 2/3 + 3/2 ಬರೆದುಕೊಳ್ಳಿ. ಇದನ್ನು ಹೇಗೆ ಕೂಡಿಸುತ್ತೀರಿ? ಕೆಳಗೆ 3 × 2, ಮೇಲೆ 4 + 9. ಅಲ್ಲೂ ಹಾಗೇ ಮಾಡಿ: ಕೆಳಗೆ ಕಾಸ್ × ಸೈನ್, ಮೇಲೆ ಸೈನ್² + ಕಾಸ್². ಮೇಲಿನದು 1. ಉಳಿದದ್ದು 1/(ಕಾಸ್ × ಸೈನ್), ಅದೇ ಸೆಕ್ ಎ ಕೊಸೆಕ್ ಎ. ಇದರಲ್ಲಿ ತ್ರಿಕೋನಮಿತಿ ಇರುವುದು ಒಂದು ಸಾಲು, ಉಳಿದದ್ದು ಏಳನೇ ತರಗತಿಯ ಭಿನ್ನರಾಶಿ. ಆ ಭಿನ್ನರಾಶಿಯನ್ನು ದಿನಕ್ಕೆ ಹತ್ತು ಲೆಕ್ಕದಂತೆ ಎರಡು ವಾರ ಮಾಡಿ. ನಾಚಿಕೆ ಬೇಡ. ಇನ್ನೊಂದು ಮಾತು: ಎಡಗಡೆಯಿಂದ ಹೊರಟು ಬಲಗಡೆಗೆ ಮುಟ್ಟಬೇಕು. ಸಾಧಿಸಬೇಕಾದದ್ದನ್ನು ಮೊದಲೇ ನಿಜ ಅಂತ ಹಿಡಿದು ಆಚೆಯದನ್ನು ಈಚೆಗೆ ತಂದರೆ ಅಂಕ ಹೋಗುತ್ತದೆ.

ಇಂಗ್ಲಿಷಿನ ತೊಡಕು ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಈ ಪಾಠಕ್ಕೆ ಬೇಕಾದ ಮಾತುಗಳು ಮೂವತ್ತೋ ನಲವತ್ತೋ. ಆಂಗಲ್ ಆಫ್ ಎಲಿವೇಶನ್ ಅಂದರೆ ನೀವು ಓದಿದ ಉನ್ನತ ಕೋನ. ಡಿಪ್ರೆಶನ್ ಅಂದರೆ ಅವನತ ಕೋನ. ಹೈಪಾಟಿನ್ಯೂಸ್ ಅಂದರೆ ವಿಕರ್ಣ, ಐಡೆಂಟಿಟಿ ಅಂದರೆ ನಿತ್ಯಸಮೀಕರಣ, ಕ್ವಾಡ್ರಂಟ್ ಅಂದರೆ ಚತುರ್ಥಕ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎರಡು ಕಂಬಸಾಲು ಹಾಕಿ ಬರೆಯುತ್ತಾ ಹೋಗಿ. ಹತ್ತನೇ ತರಗತಿಯ ಕನ್ನಡ ಪುಸ್ತಕ, ಅದೇ ತರಗತಿಯ ಇಂಗ್ಲಿಷ್ ಪುಸ್ತಕ ಎರಡನ್ನೂ ತ್ರಿಕೋನಮಿತಿಯ ಅಧ್ಯಾಯಕ್ಕೆ ತೆರೆದು ಪಕ್ಕಪಕ್ಕ ಇಟ್ಟು ಓದಿ. ಲೆಕ್ಕ ಅದೇ, ಚಿತ್ರ ಅದೇ, ಮಾತು ಮಾತ್ರ ಬೇರೆ. ಯೋಚನೆ ಕನ್ನಡದಲ್ಲೇ ನಡೆಯಲಿ, ಬರೆಯುವುದು ಇಂಗ್ಲಿಷಿನಲ್ಲಿ ಬರಲಿ. ಗೆಳೆಯನಿಗೆ ದಿನಕ್ಕೊಂದು ಲೆಕ್ಕ ಕನ್ನಡದಲ್ಲಿ ವಿವರಿಸಿ ಹೇಳಿ. ಎಲ್ಲಿ ಮಾತು ತಡವರಿಸುತ್ತದೋ ಅಲ್ಲಿ ನಿಮಗೇ ಗೊತ್ತಿಲ್ಲ ಅಂತ ಅರ್ಥ. ಅದನ್ನು ಒಯ್ದು ಲೆಕ್ಚರರನ್ನು ಕೇಳಿ. 'ಏನೂ ಅರ್ಥವಾಗಿಲ್ಲ ಸರ್' ಅಂದರೆ ಅವರಿಗೂ ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ. 'ಈ ಸಾಲಿನಿಂದ ಈ ಸಾಲಿಗೆ ಹೇಗೆ ಬಂದಿರಿ' ಅಂತ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಸಿವಿಲ್‌ನಲ್ಲಿ ಮುಂದೆ ಇದು ಎಲ್ಲಿ ಬರುತ್ತದೆ ಅಂತ ಒಂದು ತುಣುಕು ಮಾತ್ರ ಹೇಳುತ್ತೇನೆ. ಜಾಗದ ಸರ್ವೆ ಮಾಡುವಾಗ ಒಂದು ಗೆರೆ 50 ಮೀಟರ್ ಇದೆ, ಉತ್ತರದಿಂದ ಪೂರ್ವಕ್ಕೆ 30 ಡಿಗ್ರಿ ವಾಲಿದೆ ಅನ್ನಿ. ಅದರ ಮೇಲೆ ನಡೆದರೆ ಉತ್ತರಕ್ಕೆ 50 ಕಾಸ್ 30, ಅಂದರೆ 43.3 ಮೀಟರ್ ಹೋದಿರಿ. ಪೂರ್ವಕ್ಕೆ 50 ಸೈನ್ 30, ಅಂದರೆ 25 ಮೀಟರ್. ಜಾಗದ ಎಲ್ಲಾ ಬದಿಗಳಿಗೂ ಹೀಗೆ ಮಾಡಿ. ಹೊರಟಲ್ಲಿಗೇ ಮರಳಿ ಬಂದಿದ್ದರೆ ಉತ್ತರಕ್ಕೆ ಹೋದದ್ದೂ ದಕ್ಷಿಣಕ್ಕೆ ಬಂದದ್ದೂ ಸಮವಾಗಬೇಕು, ಪೂರ್ವ ಪಶ್ಚಿಮಗಳೂ ಸಮವಾಗಬೇಕು. ಆಗದಿದ್ದರೆ ಅಳತೆಯಲ್ಲಿ ತಪ್ಪಿದೆ. ಗೌಂಡಿಗೂ ಸರ್ವೇಯರ್‌ಗೂ ಇರುವ ಅಂತರ ಇಷ್ಟೇ. ಅದನ್ನು ನೀವು ದಾಟಬಲ್ಲಿರಿ.

ಕೊನೆಗೆ ಒಂದು ಕೆಲಸ ಕೊಡುತ್ತೇನೆ, ಮಾಡಲೇಬೇಕು. ಪ್ಲಾಸ್ಟಿಕ್ ಕೋನಮಾಪಕದ ನೇರ ಅಂಚಿಗೆ ಖಾಲಿ ಬಾಲ್‌ಪೆನ್ನಿನ ನಳಿಗೆ ಅಂಟಿಸಿ. ನಡುವಿನ ತೂತಿಗೆ ದಾರ ಕಟ್ಟಿ, ದಾರದ ತುದಿಗೆ ಒಂದು ನಟ್ಟು. ನಳಿಗೆಯಲ್ಲಿ ನೇರ ಎದುರಿಗೆ ನೋಡಿದರೆ ದಾರ 90ರ ಮೇಲೆ ಬೀಳುತ್ತದೆ. ಮೇಲಕ್ಕೆ ನೋಡಿದಾಗ 90ರಿಂದ ಎಷ್ಟು ಸರಿಯಿತೋ ಅದೇ ಉನ್ನತ ಕೋನ.

ಇದನ್ನು ಹಿಡಿದು ಎಲ್ಲರೂ ಮೊದಲು ಹೋಗುವುದು ಗೋಳಗುಮ್ಮಟಕ್ಕೆ. ನಾನೂ ಒಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲ್ಲಿಗೇ ಹೋಗಿದ್ದೆ. ಗೋಡೆಯಿಂದ ಗುಮ್ಮಟದ ನಡುವಿನವರೆಗಿನ ದೂರವನ್ನೂ ಸೇರಿಸಿ ಲೆಕ್ಕ ಮಾಡಿದೆವು. ಆದರೂ ಎತ್ತರ ನಿಜಕ್ಕಿಂತ ಜಾಸ್ತಿ ಬಂತು. ಹತ್ತಿರ ಹೋಗಿ ಅಳೆದರೆ ಇನ್ನೂ ಜಾಸ್ತಿ. ರಾತ್ರಿ ಕೂತು ಚಿತ್ರ ಬರೆದಾಗ ಕಾರಣ ಸಿಕ್ಕಿತು. ಗುಮ್ಮಟ ಅರ್ಧಗೋಳ. ಕೆಳಗಿನಿಂದ ನೋಡುವವರಿಗೆ ಅದರ ನೆತ್ತಿ ಕಾಣುವುದೇ ಇಲ್ಲ. ಕಾಣುವುದು ನಮ್ಮ ನೋಟ ಸವರಿಕೊಂಡು ಹೋಗುವ ಅಂಚು. ಆ ನೋಟದ ಗೆರೆ ಗುಮ್ಮಟದ ನಡುಭಾಗಕ್ಕೆ ಮುಟ್ಟುವ ಹೊತ್ತಿಗೆ ನೆತ್ತಿಗಿಂತ ಮೇಲೆ ಹೋಗಿರುತ್ತದೆ. ಹೊರವ್ಯಾಸ ಸುಮಾರು 44 ಮೀಟರ್, ತ್ರಿಜ್ಯ 22. 30 ಡಿಗ್ರಿಯಲ್ಲಿ ನೋಡಿದರೆ 22ನ್ನು ಕಾಸ್ 30ರಿಂದ ಭಾಗಿಸಬೇಕು: 25.4. ಅಂದರೆ ಸುಮಾರು ಮೂರೂವರೆ ಮೀಟರ್ ಸುಮ್ಮನೆ ಸೇರಿಕೊಳ್ಳುತ್ತದೆ. ಆ ರಾತ್ರಿಯ ಚಿತ್ರದಿಂದ ನಾನು ಕಲಿತದ್ದು ಬಹಳ. ಗುಮ್ಮಟದ ತಿದ್ದುಪಡಿ ನೀವು ಎರಡನೇ ಸಲಕ್ಕೆ ಇಟ್ಟುಕೊಳ್ಳಿ.

ಮೊದಲ ಸಲ ವಿಜಯಪುರದ ಉಪ್ಪಲಿ ಬುರುಜು ಅನ್ನುವ ಹಳೆಯ ಕಾವಲು ಗೋಪುರಕ್ಕೆ ಹೋಗಿ. ಅದರ ಎತ್ತರ ಸುಮಾರು 80 ಅಡಿ. ಗೋಡೆ ಬುಡದಿಂದ ತುದಿಗೆ ಮೇಲೆದ್ದಿದೆ, ಬುಡದವರೆಗೆ ಟೇಪ್ ಹಿಡಿಯಬಹುದು. ತುದಿಯನ್ನು ನೋಡುತ್ತಾ ಹಿಂದೆ ಸರಿಯಿರಿ. ಕೋನ 45 ಆದಲ್ಲಿ ನಿಂತು ಬುಡದವರೆಗೆ ಅಳೆಯಿರಿ. ಟ್ಯಾನ್ 45 ಅಂದರೆ 1, ಆದ್ದರಿಂದ ಆ ದೂರವೇ ಕಣ್ಣಿನ ಮಟ್ಟದಿಂದ ಮೇಲಿನ ಎತ್ತರ. ನಿಮ್ಮ ಕಣ್ಣು ನೆಲದಿಂದ 5 ಅಡಿ ಇದ್ದರೆ 75 ಅಡಿಯ ಹತ್ತಿರ ಬರಬೇಕು. ಕೋನದಲ್ಲಿ ಒಂದು ಡಿಗ್ರಿ ತಪ್ಪಿದರೆ ಎತ್ತರದಲ್ಲಿ ಎರಡೂವರೆ ಅಡಿ ಹೆಚ್ಚುಕಡಿಮೆ ಆಗುತ್ತದೆ, ಅದಕ್ಕೆ ಬೇಸರಪಡಬೇಡಿ. ಆಮೇಲೆ ಬುಡ ಮುಟ್ಟಲು ಆಗುವುದೇ ಇಲ್ಲ ಅಂದುಕೊಳ್ಳಿ. ಕೋನ 30 ಆಗುವವರೆಗೆ ಇನ್ನೂ ಹಿಂದೆ ಹೋಗಿ. ಎರಡು ಜಾಗಗಳ ನಡುವಿನ ದೂರ ಮಾತ್ರ ಅಳೆಯಿರಿ, ಸುಮಾರು 55 ಅಡಿ ಬರುತ್ತದೆ. ಅದನ್ನು √3 − 1, ಅಂದರೆ 0.732ರಿಂದ ಭಾಗಿಸಿ. ಮತ್ತೆ 75. ಈ 0.732 ಎಲ್ಲಿಂದ ಬಂತು ಅಂತ ಚಿತ್ರ ಬರೆದು ನೀವೇ ತೆಗೆಯಿರಿ. ನಿಮ್ಮ ಪರೀಕ್ಷೆಯಲ್ಲಿ ಬರುವ ಎತ್ತರ ದೂರದ ಲೆಕ್ಕ ಇದೇ ಜಾತಿಯದು.

ಟೇಪ್ 100 ಅಡಿಯದು ಇರಲಿ. ಜೊತೆಗೆ ಒಬ್ಬ ಗೆಳೆಯನನ್ನು ಕರೆದುಕೊಂಡು ಹೋಗಿ. ಒಬ್ಬರು ನಳಿಗೆಯಲ್ಲಿ ನೋಡುವಾಗ ಇನ್ನೊಬ್ಬರು ದಾರದ ಅಂಕಿ ಓದಬೇಕು. ಗಾಳಿ ಎದ್ದರೆ ನಟ್ಟು ಓಲಾಡುತ್ತದೆ, ಬೆಳಿಗ್ಗೆ ಏಳು ಗಂಟೆಗೇ ಹೋಗಿ.